ನಾಲಗೆ ಮಡಚಲು ಬಾರದ ಅಪ್ಪ ಮತ್ತು ವಾಟ್ಸಾಪಿಗೆ ಬಂದ ವರ್ಕ್‌ಶೀಟು

ಮೊದಲೇ ಹೇಳಿಬಿಡುತ್ತೇನೆ, ಇದು ಸಿಟ್ಟಿನಲ್ಲಿ ಬರೆದದ್ದು. ಸಿಟ್ಟು ಹೊಸದೇನಲ್ಲ, 2020ರದ್ದು. ಆರಿಹೋಯಿತು ಅಂದುಕೊಂಡಿದ್ದೆ. ಮೊನ್ನೆ ಅದೇ ಕಾಗದ ಇನ್ನೊಂದು ಮನೆಯ ಫೋನಿನಲ್ಲಿ ಕಂಡಿತು ನೋಡಿ, ಬೂದಿ ಮುಚ್ಚಿದ ಕೆಂಡ ಅನ್ನುತ್ತಾರಲ್ಲ, ಹಾಗಾಯಿತು.

ಕತೆ ಹೀಗೆ. ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಕುಂದಾಪುರದ ಕಡೆಯ ಒಂದು ಸಂಸಾರ. ಗಂಡ ಒಂದು ಆಫೀಸಿನ ಕ್ಯಾಂಟೀನು ನಡೆಸುತ್ತಿದ್ದವರು, ಲಾಕ್‌ಡೌನಿನಲ್ಲಿ ಅದು ಮುಚ್ಚಿ ಮನೆಯಲ್ಲೇ ಕೂತಿದ್ದರು. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಹತ್ತನೇ ಕ್ಲಾಸು. ಊರಿನಿಂದ ಫೆಬ್ರವರಿಯಲ್ಲಿ ಬಂದಿದ್ದ ಅಜ್ಜಿ ರೈಲಿಲ್ಲದೆ ಇಲ್ಲೇ ಉಳಿದಿದ್ದರು. ಜೊತೆಗೆ ಹೋಟೆಲಿನ ಕೆಲಸ ಹೋಗಿ ಬಂದು ಸೇರಿದ್ದ ಒಬ್ಬ ಚಿಕ್ಕಪ್ಪ. ಒಂದು ಹಾಲು, ಒಂದು ಅಡುಗೆಮನೆ, ಆರು ಜನ, ಕ್ಲಾಸಿಗೆ ಒಂದೇ ಫೋನು. (ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ.)

ಜುಲೈ ತಿಂಗಳ ಒಂದು ದಿನ ಹುಡುಗಿಯ ಕ್ಲಾಸಿನ ವಾಟ್ಸಾಪ್ ಗುಂಪಿಗೆ ವಿಜ್ಞಾನದ ಟೀಚರು ಒಂದು ವರ್ಕ್‌ಶೀಟು ಕಳಿಸಿದರು. 'ನೀವೀಗ ಮನೆಯಲ್ಲೇ ಇದ್ದೀರಿ, ನಿಮ್ಮ ಕುಟುಂಬವೇ ನಿಮ್ಮ ಪ್ರಯೋಗಾಲಯ' ಅಂತ ತಲೆಬರಹ. ಕೆಳಗೆ ಪಟ್ಟಿ. ನಾಲಗೆಯ ಎರಡೂ ಅಂಚು ಮಡಚಿ ಕೊಳವೆ ಮಾಡಲು ಬರುತ್ತದೆಯೇ? ಕಿವಿಯ ಹಾಲೆ ಜೋತಿದೆಯೇ, ಕೆನ್ನೆಗೆ ಅಂಟಿದೆಯೇ? ಹೆಬ್ಬೆರಳು ಹಿಂದಕ್ಕೆ ಬಾಗುತ್ತದೆಯೇ? ರಕ್ತದ ಗುಂಪು ಯಾವುದು? ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲರದ್ದೂ ತುಂಬಿ, ಫೋಟೋ ಹೊಡೆದು ಗುಂಪಿಗೆ ಹಾಕಬೇಕು. ಪಟ್ಟಿಯ ಅಡಿಯಲ್ಲಿ ನಿಯಮ: ನಾಲಗೆ ಮಡಚಲು ಬರುವುದು ಪ್ರಬಲ ಗುಣ, ಬಾರದಿರುವುದು ದುರ್ಬಲ ಗುಣ. ಅಪ್ಪ ಅಮ್ಮ ಇಬ್ಬರಿಗೂ ಬಾರದಿದ್ದರೆ ಮಕ್ಕಳಿಗೂ ಬರುವುದಿಲ್ಲ.

ಹುಡುಗಿಗೆ ಬರುತ್ತಿತ್ತು. ಅಮ್ಮನಿಗೆ ಬರಲಿಲ್ಲ. ತಂಗಿಗೂ ಇಲ್ಲ. ಅಪ್ಪ ಪಾಪ ಕನ್ನಡಿ ಮುಂದೆ ನಿಂತು ಹತ್ತು ನಿಮಿಷ ಒದ್ದಾಡಿದರಂತೆ, ಬರಲಿಲ್ಲ. ಚಿಕ್ಕಪ್ಪ ನಗುತ್ತ "ಹಾಗಾದ್ರೆ ಇದು ನಮ್ಮನೆ ಹುಡುಗಿಯೇ ಅಲ್ಲ ಬಿಡಿ" ಅಂದನಂತೆ. ಎಲ್ಲರೂ ನಕ್ಕರು. ಹುಡುಗಿ ನಗಲಿಲ್ಲ. ಅವಳಮ್ಮನೂ ನಗಲಿಲ್ಲ.

ಮರುದಿನ ಬೆಳಿಗ್ಗೆ ಆ ತಾಯಿ ಮಾಸ್ಕು ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದರು. ನಾನು ಜೀವಶಾಸ್ತ್ರದ ಮೇಷ್ಟ್ರು ಅನ್ನುವುದು ಬಿಲ್ಡಿಂಗಿಗೆಲ್ಲ ಗೊತ್ತು. "ಸರ್, ಒಂದು ಕೇಳ್ಬೇಕಿತ್ತು. ಈ ನಾಲಗೆಯದ್ದು ಹೌದಾ?" ಅಂದರು. ಮತ್ತೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹದಿನೇಳು ವರ್ಷ ಸಂಸಾರ ಮಾಡಿದ ಹೆಣ್ಣುಮಗಳು ಒಂದು ಕಾಗದದ ದೆಸೆಯಿಂದ ನೆರೆಮನೆಯವನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಅಲ್ಲ ಸ್ವಾಮಿ, ಅಲ್ಲವೇ ಅಲ್ಲ. ಈ ನಾಲಗೆ ಪುರಾಣ ಶುರುಮಾಡಿದವನು ಆಲ್ಫ್ರೆಡ್ ಸ್ಟರ್ಟೆವಂಟ್. ಸಣ್ಣ ಆಸಾಮಿಯಲ್ಲ. ಮಾರ್ಗನ್ ಕೈಕೆಳಗೆ ಹಣ್ಣುನೊಣಗಳನ್ನು ಸಾಕುತ್ತಿದ್ದ ಹುಡುಗ, 1913ರಲ್ಲಿ ವರ್ಣತಂತುವಿನ ಮೇಲೆ ವಂಶವಾಹಿಗಳು ಯಾವ ಸಾಲಿನಲ್ಲಿ ಕೂತಿವೆ ಎಂಬುದರ ಮೊಟ್ಟಮೊದಲ ನಕ್ಷೆ ಪ್ರಕಟಿಸಿದವನು. 1940ರಲ್ಲಿ ಅವನು ನಾಲಗೆ ಮಡಚುವುದು ಅಪ್ಪ-ಅಮ್ಮನಿಂದ ಬರುವ ಪ್ರಬಲ ಗುಣವೆಂದು ಬರೆದ. 1952ರಲ್ಲಿ ಮ್ಯಾಟ್ಲಾಕ್ ಎಂಬುವವರು ತದ್ರೂಪಿ ಅವಳಿಗಳ ನಾಲಗೆ ನೋಡಿದರು. 33 ಜೋಡಿಗಳಲ್ಲಿ 7 ಜೋಡಿಗಳಲ್ಲಿ ಒಬ್ಬರಿಗೆ ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ! ಒಂದೇ ಅಂಡದಿಂದ ಹುಟ್ಟಿದವರು, ವಂಶವಾಹಿಗಳು ಒಂದೇ, ನಾಲಗೆ ಮಾತ್ರ ಬೇರೆ. ಅಲ್ಲಿಗೆ 'ಒಂದು ವಂಶವಾಹಿ, ಒಂದು ನಾಲಗೆ' ಲೆಕ್ಕ ಮುಗಿಯಿತು. 1965ರಲ್ಲಿ ಸ್ಟರ್ಟೆವಂಟನೇ ತಾನು ಬರೆದ ಅನುವಂಶಶಾಸ್ತ್ರದ ಇತಿಹಾಸದಲ್ಲಿ, ಇನ್ನೂ ಕೆಲವು ಪುಸ್ತಕಗಳು ಇದನ್ನು ಸಿದ್ಧವಾದ ಉದಾಹರಣೆಯೆಂದು ಕೊಡುವುದನ್ನು ಕಂಡರೆ ನನಗೆ ಮುಜುಗರವಾಗುತ್ತದೆ ಅನ್ನುವ ಅರ್ಥದ ಮಾತು ಬರೆದ. ಹೇಳಿದವನೇ ಹಿಂತೆಗೆದುಕೊಂಡು ಅರವತ್ತು ವರ್ಷ ದಾಟಿತು. ನಮ್ಮ ವರ್ಕ್‌ಶೀಟುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಕಿವಿಯ ಹಾಲೆಯೂ ಅಷ್ಟೆ. ನಾಲ್ಕು ಜನರ ಕಿವಿ ನೋಡಿ, ಪೂರ್ತಿ ಜೋತದ್ದು, ಪೂರ್ತಿ ಅಂಟಿದ್ದು, ಇವೆರಡರ ನಡುವೆ ಎಷ್ಟು ಬಗೆ! ಹತ್ತಾರು ವಂಶವಾಹಿಗಳ ಕೈವಾಡ ಅದರಲ್ಲಿದೆ. ಹೆಬ್ಬೆರಳಿನದ್ದೂ ಅದೇ ಕತೆ. ಇವನ್ನೆಲ್ಲ ಹೌದು-ಇಲ್ಲ ಅಂತ ಎರಡು ಮನೆಗೆ ಹಾಕಿ ಮಗುವಿನ ಹುಟ್ಟಿನ ತೀರ್ಮಾನ ಕೊಡುವುದಕ್ಕೆ ಇವರಿಗೆ ಅಧಿಕಾರ ಕೊಟ್ಟವರು ಯಾರು?

ಇದನ್ನು ನನ್ನ ಹಳೆಯ ಸಹೋದ್ಯೋಗಿ ಒಬ್ಬರಿಗೆ ಹೇಳಿದೆ. "ಬಿಡ್ರಿ ಸರ್, ಮಕ್ಕಳ ಮೋಜಿಗೆ ಕೊಡ್ತಾರ. ನಾವೂ ಕ್ಲಾಸಿನ್ಯಾಗ ಮಾಡಿಸಿಲ್ಲೇನು?" ಅಂದರು. ಮಾಡಿಸಿದ್ದೇವೆ, ಸುಳ್ಳೇಕೆ ಹೇಳಲಿ. ಗದಗಿನಿಂದ 1986ರಲ್ಲಿ ಮುಂಬಯಿಗೆ ಬಂದವನು, ಜೂನಿಯರ್ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಜೀವಶಾಸ್ತ್ರ ಹೇಳಿ 2019ರಲ್ಲಿ ನಿವೃತ್ತನಾದೆ. ಮೊದಲ ಹತ್ತು ವರ್ಷವಾದರೂ ನಾನೂ ನಾಲಗೆ ಹೊರಗೆ ಹಾಕಿಸಿದ್ದೇನೆ. ಅಲ್ಲಿ ಅರವತ್ತು ಮಕ್ಕಳು, ಗದ್ದಲ, ನಗು, ಬೆಲ್ಲು ಹೊಡೆಯಿತು, ಮುಗಿಯಿತು. ಮನೆಗೆ ಹೋಗುವ ಹೊತ್ತಿಗೆ ಲೋಕಲ್ಲಿನ ನೂಕಾಟದಲ್ಲಿ ಪಾಠ ಮರೆತೂ ಹೋಗಿರುತ್ತಿತ್ತು. ತಪ್ಪು ಪಾಠ ಆಗಲೂ ತಪ್ಪೇ, ಆದರೆ ಅದು ಯಾರ ಬಗ್ಗೆ ಮಾತಾಡುತ್ತಿದೆಯೋ ಅವರು ಆ ಕೋಣೆಯಲ್ಲಿ ಇರುತ್ತಿರಲಿಲ್ಲ.

ಮನೆಯಲ್ಲಿ ಕೂತು ಕಲಿಯುವ ಮಗುವಿನ ಸುತ್ತ ಎಲ್ಲರೂ ಇರುತ್ತಾರೆ. ನನ್ನ ಜಗಳ ಇರುವುದೇ ಇಲ್ಲಿ. ಆನ್‌ಲೈನಿನಲ್ಲಿ ಜೀವಶಾಸ್ತ್ರ ಕಲಿಸುವುದೆಂದರೆ ಲ್ಯಾಬು ಇಲ್ಲ, ಸೂಕ್ಷ್ಮದರ್ಶಕ ಇಲ್ಲ, ನೆಟ್‌ವರ್ಕ್ ಇಲ್ಲ ಅಂತ ಐದು ವರ್ಷದಿಂದ ಎಲ್ಲರೂ ಗೋಳಾಡಿದ್ದೇವೆ. ಏನು ಇದೆ ಅಂತ ಯಾರೂ ನೋಡಲಿಲ್ಲ. ತ್ರಿಕೋನಮಿತಿ ಕೇಳಿದ ಅಜ್ಜಿ ಎದ್ದು ಹೋಗುತ್ತಾರೆ. ಅನುವಂಶೀಯತೆಯ ಪಾಠ ಕೇಳಿದ ಅಜ್ಜಿ ಬತ್ತಿ ಹೊಸೆಯುವುದು ನಿಲ್ಲಿಸಿ ಕಿವಿಗೊಡುತ್ತಾರೆ. ಯಾಕೆಂದರೆ ಅದು ಅವರ ಮನೆಯ ಸುದ್ದಿ. ಫೋನಿನ ಸ್ಪೀಕರಿನಲ್ಲಿ ಬಂದ ಒಂದು ಅರೆಸತ್ಯ ಅಲ್ಲೇ, ಆ ಹಾಲಿನಲ್ಲೇ, ತೀರ್ಪಾಗಿ ಬೀಳುತ್ತದೆ.

ರಕ್ತದ ಗುಂಪಿನ ಮಾತಿಗೆ ಬರೋಣ. ಪುಸ್ತಕದ ನಿಯಮ ಗೊತ್ತಲ್ಲ, ಓ ಗುಂಪಿನ ತಾಯಿಗೆ ಎಬಿ ಗುಂಪಿನ ಮಗು ಹುಟ್ಟುವುದಿಲ್ಲ. ನಿಯಮ ಸರಿಯೇ. ಆದರೆ ಅದು ಕೈಕೊಡುವ ಪ್ರಸಂಗವೊಂದು ಪತ್ತೆಯಾದದ್ದು ಎಲ್ಲಿ ಗೊತ್ತೇ? ನಾವು ಹೊಟ್ಟೆಪಾಡಿಗೆ ಬಂದು ಸೇರಿರುವ ಈ ಊರಿನಲ್ಲೇ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು, ಅದಕ್ಕೆ ಬಾಂಬೆ ರಕ್ತದ ಗುಂಪು ಎಂದೇ ಹೆಸರಾಯಿತು. ಎ ಆಗಲಿ ಬಿ ಆಗಲಿ ರಕ್ತಕಣದ ಮೇಲೆ ಕೂರಬೇಕಾದರೆ ಮೊದಲು ಎಚ್ ಎಂಬ ಒಂದು ಮಣೆ ಬೇಕು. ಆ ಮಣೆ ಮಾಡುವ ವಂಶವಾಹಿ ಬೇರೆಯೇ ವರ್ಣತಂತುವಿನಲ್ಲಿದೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದವರಲ್ಲಿ ಮಣೆಯೇ ಇಲ್ಲ, ಹಾಗಾಗಿ ಒಳಗೆ ಬಿ ವಂಶವಾಹಿ ಇದ್ದರೂ ಹೊರಗೆ ಕಾಣುವುದಿಲ್ಲ. ಗಾಜಿನ ಪಟ್ಟಿಯ ಸಾದಾ ಪರೀಕ್ಷೆಯಲ್ಲಿ ಅವರು ಓ ಅಂತಲೇ ಬರುತ್ತಾರೆ. ಅಂಥ ತಾಯಿ ತನ್ನ ಬಿ ವಂಶವಾಹಿಯನ್ನು ಮಗುವಿಗೆ ಕೊಡುತ್ತಾಳೆ, ಅಪ್ಪನಿಂದ ಎ ಬರುತ್ತದೆ, ಮಣೆಯೂ ಅಪ್ಪನಿಂದಲೇ ಬರುತ್ತದೆ. ಮಗು ಎಬಿ! ಭಾರತದಲ್ಲಿ ಇಂಥವರು ಸುಮಾರು ಹತ್ತು ಸಾವಿರಕ್ಕೆ ಒಬ್ಬರು. ಅಪರೂಪ, ಒಪ್ಪಿದೆ. ಆದರೆ ಕೋಟಿ ದಾಟಿದ ಊರಿನಲ್ಲಿ ಹತ್ತು ಸಾವಿರಕ್ಕೊಬ್ಬರೆಂದರೆ ಸಾವಿರ ಜನ. ಆ ಒಂದು ಮನೆಗೆ ನಿಮ್ಮ ವರ್ಕ್‌ಶೀಟು ಹೋಗಿ ಬಿದ್ದರೆ? ಮೇಲಾಗಿ ಇವರಿಗೆ ಸಾಮಾನ್ಯ ಓ ರಕ್ತವನ್ನೂ ಕೊಡುವಂತಿಲ್ಲ, ಪ್ರಾಣಕ್ಕೇ ಕುತ್ತು. ಹೇಳಲೇಬೇಕಾದ ಪಾಠ ಅದು. ಅದನ್ನು ಬಿಟ್ಟು ಅಪ್ಪ-ಅಮ್ಮಂದಿರ ಗುಂಪನ್ನು ಐವತ್ತು ಜನರ ವಾಟ್ಸಾಪಿಗೆ ಹಾಕಿಸುತ್ತಾರೆ. ದತ್ತು ಬಂದ ಮಗುವೂ ಆ ಗುಂಪಿನಲ್ಲಿ ಇರಬಹುದು, ಅದಕ್ಕೆ ಮನೆಯಲ್ಲಿ ಇನ್ನೂ ಹೇಳಿರಲಿಕ್ಕಿಲ್ಲ ಅನ್ನುವ ಯೋಚನೆಯಾದರೂ ಬೇಡವೇ?

ಆ ಬೆಳಗಿನ ನಂತರ ಹುಡುಗಿಗೆ ನಾನೇ ಪಾಠ ಹೇಳತೊಡಗಿದೆ. ಒಬ್ಬಳಿದ್ದದ್ದು ನಾಲ್ವರಾದರು, ವಾಶಿಯಿಂದ, ಪುಣೆಯಿಂದ, ಕಡೆಗೆ ಗದಗಿನಿಂದ ನನ್ನ ತಂಗಿಯ ಮೊಮ್ಮಗಳೂ ಸೇರಿ ಹನ್ನೊಂದು ಮಕ್ಕಳು. ಇಂದಿಗೂ ವಾರಕ್ಕೆರಡು ದಿನ ನಡೆಯುತ್ತದೆ, ಮಕ್ಕಳು ಮಾತ್ರ ಬದಲಾಗುತ್ತಾರೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಕಲಸಿದ ಭಾಷೆ, ನಮ್ಮ ಮಕ್ಕಳು ಮನೆಯಲ್ಲಿ ಆಡುವುದೇ ಅದು.

ಗಂಡು ಹೆಣ್ಣು ಹುಟ್ಟುವ ಪಾಠದ ದಿನ ಇಯರ್‌ಫೋನು ಕೆಟ್ಟಿತ್ತು. ಸ್ಪೀಕರಿನಲ್ಲೇ ನಡೆಯಿತು. ತಾಯಿಯಿಂದ ಯಾವಾಗಲೂ ಎಕ್ಸ್, ತಂದೆಯಿಂದ ಎಕ್ಸ್ ಇಲ್ಲವೇ ವೈ. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಎಂಬ ಹೆಣ್ಣುಮಗಳು ಹಿಟ್ಟು-ಧಾನ್ಯದಲ್ಲಿ ಬೆಳೆಯುವ ಒಂದು ದುಂಬಿಯ ಹುಳುವಿನಲ್ಲಿ ಇದನ್ನು ಕಂಡಳು ಅಂತೆಲ್ಲ ಹೇಳುತ್ತಿದ್ದೆ. ನಡುವೆ ಅಜ್ಜಿಯ ದನಿ ಬಂತು. "ಮಾಷ್ಟ್ರೇ, ಹಾಂಗಾರೆ ತಪ್ಪು ನಮ್ ಹುಡ್ಗಂದಾ?"

ಎರಡು ಹೆಣ್ಣು ಹೆತ್ತ ಸೊಸೆ ಆ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು ನಿಲ್ಲಿಸಿದ್ದು ನನಗಿಲ್ಲಿ ಕೇಳಿಸಿತು. ಈ ಪ್ರಶ್ನೆಗೆ ನಮ್ಮ ಸ್ಲೈಡುಗಳಲ್ಲಿ, ಗೋಡೆಯ ಪೋಸ್ಟರುಗಳಲ್ಲಿ ಸಿದ್ಧ ಉತ್ತರ ಇದೆ: 'ಮಗುವಿನ ಲಿಂಗ ನಿರ್ಧರಿಸುವವನು ತಂದೆ.' ಒಳ್ಳೆಯ ಉದ್ದೇಶದಿಂದಲೇ ಬರೆದದ್ದು, ಸೊಸೆಯ ತಲೆಯ ಮೇಲಿನ ದೋಷ ಇಳಿಯಲಿ ಅಂತ. ಆದರೆ ನಿರ್ಧರಿಸುವುದೆಂದರೆ ಏನು? ಆ ಕ್ಯಾಂಟೀನಿನ ಮನುಷ್ಯ ಏನು ನಿರ್ಧರಿಸಿದ್ದರು ಪಾಪ? ಹೊರೆಯನ್ನು ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೊರಿಸಿದ ಹಾಗಾಯಿತೇ ಹೊರತು ಇಳಿಸಿದ ಹಾಗಾಗಲಿಲ್ಲ. "ಅಜ್ಜೀ, ಒಂದು ರೂಪಾಯಿ ತಗೊಳ್ಳಿ, ಮೇಲಕ್ಕೆ ಚಿಮ್ಮಿ" ಅಂದೆ. ಚಿಮ್ಮಿದರು. ಸಿಂಹ ಬಂತು. "ಈಗ ತಪ್ಪು ಯಾರದ್ದು, ನಿಮ್ಮದೋ ರೂಪಾಯಿಯದ್ದೋ?" ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು "ಯಾರದ್ದೂ ಅಲ್ಲ ಅಂಬ್ರಿಯಾ?" ಅಂದರು. ಪಾತ್ರೆಯ ಸದ್ದು ಮತ್ತೆ ಶುರುವಾಯಿತು.

ಮೂವತ್ತೆರಡು ವರ್ಷದಲ್ಲಿ ಯಾವ ಕ್ಲಾಸ್‌ರೂಮಿನಲ್ಲೂ ನನಗೆ ಇಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ.

ಇನ್ನೊಂದು ಸ್ಲೈಡಿನ ಬಗ್ಗೆ ಹೇಳದಿದ್ದರೆ ಊಟ ಸೇರುವುದಿಲ್ಲ. ರಕ್ತಸಂಬಂಧದಲ್ಲಿ ಮದುವೆ ಅಂತ ತಲೆಬರಹ, ಕೆಳಗೆ ಅಂಗವಿಕಲ ಮಗುವಿನ ಒಂದು ಚಿತ್ರ, ಒಂದು ಕೆಂಪು ಗುಣಿಸು ಗುರುತು. ಉತ್ತರದ ಕಡೆಯವರು ಮಾಡಿದ್ದೆಂದು ನೋಡಿದರೇ ಗೊತ್ತಾಗುತ್ತದೆ, ಅವರಲ್ಲಿ ಗೋತ್ರ-ಊರು ಎಲ್ಲ ಬಿಟ್ಟು ದೂರದಿಂದ ಹೆಣ್ಣು ತರುತ್ತಾರೆ. ನಮ್ಮಲ್ಲಿ? ನಮ್ಮವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ಆ ಲೆಕ್ಕಕ್ಕೆ ಆ ಚಿತ್ರದಲ್ಲಿ ನಾನಿರಬೇಕಿತ್ತು! ಈ ಸ್ಲೈಡು ನೋಡಿದ ನಮ್ಮ ತಂಗಿಯ ಮೊಮ್ಮಗಳು ಮುತ್ತಜ್ಜಿಯ ಫೋಟೋದ ಕಡೆ ಹೇಗೆ ನೋಡಿದಳು ಅಂತ ತಂಗಿ ಹೇಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಪಾಯ ಇಲ್ಲ ಅನ್ನುತ್ತಿಲ್ಲ. ಇದೆ, ಅದನ್ನು ಅಂಕಿಯಲ್ಲಿ ಹೇಳಿ ಅನ್ನುತ್ತಿದ್ದೇನೆ. ಅತ್ತೆ-ಮಾವನ ಮಕ್ಕಳಲ್ಲಿ ವಂಶವಾಹಿಗಳು ಸರಾಸರಿ ಎಂಟರಲ್ಲೊಂದು ಪಾಲು ಒಂದೇ ಮೂಲದವು, ಸೋದರಮಾವ-ಸೊಸೆಯಲ್ಲಿ ನಾಲ್ಕರಲ್ಲೊಂದು ಪಾಲು. ಅತ್ತೆ-ಮಾವನ ಮಕ್ಕಳು ಮದುವೆಯಾದರೆ, ಯಾವ ದಂಪತಿಗೂ ಇರುವ ಅಪಾಯದ ಮೇಲೆ ನೂರಕ್ಕೆ ಎರಡು-ಮೂರರಷ್ಟು ಹೆಚ್ಚು. ಸೋದರಮಾವನಾದರೆ ಅದಕ್ಕಿಂತ ಜಾಸ್ತಿ. ಹೆಚ್ಚಿನ ಮಕ್ಕಳು ಗಟ್ಟಿಮುಟ್ಟಾಗಿಯೇ ಹುಟ್ಟುತ್ತವೆ. ಆದರೆ ಮನೆತನದಲ್ಲಿ ಕಿವುಡು, ಮೂಕು, ರಕ್ತದ ಕಾಯಿಲೆ ಏನಾದರೂ ಕಂಡಿದ್ದರೆ ಡಾಕ್ಟರನ್ನು ಕೇಳದೆ ಹೆಜ್ಜೆ ಇಡಬಾರದು. ಇಷ್ಟು ಹೇಳಿದರೆ ಅಜ್ಜಿಗೆ ಅವಮಾನವಿಲ್ಲ, ಮೊಮ್ಮಗಳಿಗೆ ನಾಳೆ ಉಪಯೋಗ. ಹೆದರಿಸಿದರೆ ಹುಡುಗರು ಮನೆಯವರನ್ನು ನೋಡಿ 'ಇವರೆಲ್ಲ ಚೆನ್ನಾಗೇ ಇದ್ದಾರಲ್ಲ' ಅಂದುಕೊಂಡು ಪಾಠವನ್ನೇ ಸುಳ್ಳೆಂದು ಎಸೆಯುತ್ತಾರೆ. ಎಸೆದದ್ದನ್ನು ನಾನು ನೋಡಿದ್ದೇನೆ.

ನಮ್ಮ ಕನ್ನಡದ ಪದಗಳ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ. ಪ್ರಬಲ, ದುರ್ಬಲ! ಈ ಎರಡು ಮಾತು ಕೇಳಿದ ಕೂಡಲೇ ಪ್ರಬಲ ಎಲ್ಲರಲ್ಲೂ ಹಬ್ಬುತ್ತದೆ, ದುರ್ಬಲ ಸೋತು ಸಾಯುತ್ತದೆ ಅಂತ ಮನೆಮಂದಿಯೆಲ್ಲ ತಿಳಿಯುತ್ತಾರೆ. ಕೈಗೆ ಆರು ಬೆರಳಿರುವುದು ಸಾಮಾನ್ಯವಾಗಿ ಪ್ರಬಲ ಗುಣ. ಎಷ್ಟು ಜನ ಆರು ಬೆರಳಿನವರನ್ನು ನೋಡಿದ್ದೀರಿ? ಓ ರಕ್ತ 'ದುರ್ಬಲ', ಮನೆಗೊಬ್ಬರು ಸಿಗುತ್ತಾರೆ. ನಾನು ಮಕ್ಕಳಿಗೆ 'ಮುಂದೆ ನಿಲ್ಲುವುದು, ಮರೆಯಲ್ಲಿರುವುದು' ಅನ್ನುತ್ತೇನೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಮಾರ್ಕು ಹೋಗುತ್ತದೆ, ಅದೂ ಹೇಳಿಬಿಡುತ್ತೇನೆ.

ಹಾಗಾದರೆ ನಿಮ್ಮ ಪ್ರಯೋಗ ಯಾವುದು ಸ್ವಾಮಿ ಅನ್ನುತ್ತೀರಿ. ಹೇಳುತ್ತೇನೆ. ಜೆ. ಬಿ. ಎಸ್. ಹಾಲ್ಡೇನ್ ಅನುವಂಶಶಾಸ್ತ್ರದ ಘಟಾನುಘಟಿ. 1957ರಲ್ಲಿ ಇಂಗ್ಲೆಂಡು ಬಿಟ್ಟು ಕಲಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದರು. ದೊಡ್ಡ ಯಂತ್ರಗಳಿಲ್ಲದೆ, ಕಣ್ಣು ಮತ್ತು ಎಣಿಕೆಯಿಂದಲೇ ಈ ದೇಶದಲ್ಲಿ ಜೀವಶಾಸ್ತ್ರ ಮಾಡಬಹುದು ಅನ್ನುವುದು ಅವರ ಹಟ. ಅವರ ಜೊತೆಗಿದ್ದ ಎಸ್. ಕೆ. ರಾಯ್ ಪಾರಿಜಾತದ ಹೂವಿನ ಎಸಳು ಎಣಿಸಿದರು! ನಮ್ಮ ಮುಂಬಯಿಯ ಸೊಸೈಟಿಗಳಲ್ಲಿ ಪಾರಿಜಾತದ ಗಿಡಕ್ಕೆ ಬರವಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಿಗ್ಗೆ ನೆಲದ ತುಂಬ ಹೂವು. ಪೂಜೆಗೆ ಆರಿಸಲು ಅಜ್ಜಿ ಹೇಗೂ ಹೋಗುತ್ತಾರೆ. ಜೊತೆಗೆ ಮೊಮ್ಮಗಳು ಹೋಗಿ ಎಸಳು ಎಣಿಸಿ ಬರೆದಳು. ಐದೆಸಳು, ಆರೆಸಳು, ಏಳೆಸಳು, ಒಂದೇ ಮರದಲ್ಲಿ. ವಂಶವಾಹಿ ಒಂದೇ, ಹೂವು ಬೇರೆ ಬೇರೆ. ಪುಣೆಯ ಹುಡುಗ ಅಲ್ಲಿಯ ಮರದ್ದು ಎಣಿಸಿದ, ಗದಗಿನವಳು ದೇವಸ್ಥಾನದ ಹಿತ್ತಲಿನದ್ದು. ಸಂಜೆ ಎಲ್ಲವನ್ನೂ ಒಂದು ಹಾಳೆಗೆ ತುಂಬಿ ನೋಡಿದೆವು. ಮೂರು ಊರಿನ ಮರಗಳು ಒಂದೇ ಸಂಜೆ ಒಂದೇ ಪಾಠಕ್ಕೆ ಬರುವುದು ಯಾವ ಕಾಲೇಜಿನ ಲ್ಯಾಬಿನಲ್ಲೂ ಆಗುತ್ತಿರಲಿಲ್ಲ, ಅದಕ್ಕೆ ಈ ಹಾಳು ಫೋನೇ ಬೇಕಾಯಿತು.

ಕರಾವಳಿಯವರಿಗೆ ಇನ್ನೂ ಒಂದು. ತೆಂಗಿನ ಮರದ ಗರಿಗಳು ಸುತ್ತಿಕೊಂಡು ಏರುತ್ತವೆ. ಕೆಲವು ಎಡಕ್ಕೆ, ಕೆಲವು ಬಲಕ್ಕೆ. ಎಡಮರದ ಕಾಯಿ ನೆಟ್ಟರೆ ಎಡಮರವೇ ಬರಬೇಕಲ್ಲವೇ? ಟಿ. ಎ. ಡೇವಿಸ್ ಸಾಲುಸಾಲು ಮರ ನೋಡಿ 1962ರಲ್ಲಿ ಬರೆದರು: ಇಲ್ಲ, ಎಡವೂ ಬಲವೂ ಸರಿಸುಮಾರು ಅರ್ಧರ್ಧ, ಅದು ತಾಯಿಮರದಿಂದ ಬರುವುದೇ ಅಲ್ಲ. ಇದನ್ನು ಕೇಳಿದ ಮೇಲೆ ಅಜ್ಜಿ ಊರಿಗೆ ಫೋನು ಮಾಡಿ ತಮ್ಮ ಹಿತ್ತಲ ಮರಗಳನ್ನು ನೋಡಿಸಿದರು. ಹುಡುಗಿ ಆಗ ಕೇಳಿದಳು, "ಸರ್, ಹಾಗಾದ್ರೆ ನನ್ನ ನಾಲಗೆನೂ ತೆಂಗಿನಮರದ ಹಾಗೆ ಇರಬಹುದಾ?" ಪೂರ್ತಿ ಹಾಗೇ ಅಂತಲ್ಲ, ಆದರೆ ಆ ಪ್ರಶ್ನೆಗೆ ನಾನು ನೂರಕ್ಕೆ ನೂರು ಮಾರ್ಕು ಕೊಟ್ಟೆ.

ಅನುವಂಶೀಯತೆಯಲ್ಲಿ ನಿಯಮವೇ ಇಲ್ಲ ಅಂತ ಅರ್ಥವಲ್ಲ ಮತ್ತೆ. ಅದಕ್ಕೂ ರೂಪಾಯಿಯೇ ಸಾಕು. ಪಕ್ಕದ ಉಲ್ಹಾಸನಗರದಲ್ಲಿ ಸಿಂಧಿಗಳು ಬಹಳ, ಅವರಲ್ಲಿ ಥಲಸ್ಸೀಮಿಯಾ ವಾಹಕರು ಹೆಚ್ಚೆಂದು ದಶಕಗಳಿಂದ ಗೊತ್ತು. ವಾಹಕರಿಗೆ ಏನೂ ಆಗಿರುವುದಿಲ್ಲ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಅಪಾಯ. 'ಒಂದು ಮಗುವಿಗೆ ಬಂದಾಯಿತು, ಇನ್ನು ಮೂರಕ್ಕೆ ಭಯವಿಲ್ಲ' ಅಂತ ತಿಳಿದ ಓದಿದವರನ್ನೇ ನಾನು ಕಂಡಿದ್ದೇನೆ. ಸ್ಲೈಡಿನ ನಾಲ್ಕು ಮನೆಯ ಚೌಕ ಅದನ್ನೇ ಕಲಿಸುತ್ತದೆ! ಮಕ್ಕಳಿಗೆ ಎರಡು ರೂಪಾಯಿ ಚಿಮ್ಮಿಸಿ, ಎರಡೂ ಅಂಕಿ ಬಿದ್ದರೆ ರೋಗ ಅನ್ನಿ, ನಾಲ್ಕು ಮಕ್ಕಳಿಗೆ ಒಂದು ಸಂಸಾರ. ನೂರು ಸಂಸಾರ ಮಾಡಿದರೆ ಸುಮಾರು 32ರಲ್ಲಿ ಯಾರಿಗೂ ರೋಗವಿಲ್ಲ, ಸುಮಾರು 26ರಲ್ಲಿ ಇಬ್ಬರಿಗೋ ಹೆಚ್ಚಿಗೋ ಇದೆ. ಹನ್ನೊಂದು ಮನೆಗಳಲ್ಲಿ ನಾಣ್ಯದ ಸದ್ದು, ಲೆಕ್ಕ ಒಂದು ಕಡೆ. ಮೆಂಡೆಲ್ ಮಹಾಶಯ 7324 ಬಟಾಣಿ ಎಣಿಸಿದ್ದು ಯಾಕೆ ಅಂತ ಆಗ ಗೊತ್ತಾಗುತ್ತದೆ: 5474 ದುಂಡಗಿನವು, 1850 ಸುಕ್ಕಿನವು. ಮೂರಕ್ಕೆ ಒಂದು ಅನ್ನುವುದು ರಾಶಿಯಲ್ಲಿ ಕಾಣುವ ಮಾತು, ಒಂದು ಮನೆಯ ತೊಟ್ಟಿಲಿನಲ್ಲಿ ಕಾಣುವುದಲ್ಲ.

ಬಾಳೆಹಣ್ಣಿನಿಂದ ಡಿಎನ್‌ಎ ತೆಗೆಯುವುದೂ ಮಾಡಿದೆವು. ಹಣ್ಣು, ಉಪ್ಪು, ಪಾತ್ರೆ ತೊಳೆಯುವ ದ್ರಾವಣ, ಫ್ರಿಜ್ಜಿನಲ್ಲಿಟ್ಟ ಸರ್ಜಿಕಲ್ ಸ್ಪಿರಿಟ್ಟು. (ದೋಸೆಹಿಟ್ಟಿನ ಪಕ್ಕ ಸ್ಪಿರಿಟ್ಟು ಇಟ್ಟದ್ದಕ್ಕೆ ನನಗೆ ಮೂರು ಮನೆಗಳಿಂದ ಬೈಗುಳ.) ಸ್ಯಾನಿಟೈಸರ್ ಜೆಲ್ ಸುರಿದವರದ್ದು ಗಂಜಿಯಾಯಿತು. ಬಿಳಿ ದಾರದಂತೆ ಮೇಲೇಳುವುದು ಶುದ್ಧ ಡಿಎನ್‌ಎ ಅಲ್ಲ, ಹಣ್ಣಿನ ಬೇರೆ ಅಂಟುಗಳೂ ಇರುತ್ತವೆ ಅಂತ ಹೇಳಿಯೇ ಮಾಡಿಸಿದೆ.

ಸೋಲು ಎಲ್ಲಿದೆ ಅಂತಲೂ ಹೇಳಬೇಕಲ್ಲ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶ ಒಡೆಯುವುದನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದ ಮಗುವಿನ ಮುಖ, ಅದು ಫೋನಿನಲ್ಲಿ ಬರುವುದಿಲ್ಲ. ಅನಿಮೇಷನ್ನು ಎಷ್ಟು ಬಣ್ಣ ಹಾಕಿದರೂ ಬರುವುದಿಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ಎರಡು ವರ್ಷ ಕನ್ನಡ ರಾತ್ರಿಶಾಲೆಯೊಂದರಲ್ಲಿ ವಿಜ್ಞಾನ ಹೇಳಿದ್ದೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬಂದ ಹುಡುಗರು. ಸೂಕ್ಷ್ಮದರ್ಶಕ ಬೀರುವಿನಲ್ಲಿ, ಬೀಗದ ಕೈ ಹಗಲು ಶಾಲೆಯವರ ಹತ್ತಿರ. ಇಡ್ಲಿ ಹಿಟ್ಟು ಹುಳಿ ಬರುವುದರಿಂದ ಪಾಠ ಶುರುಮಾಡಿದರೆ ಅವರು ನನಗೇ ಹೇಳಿಕೊಡುತ್ತಿದ್ದರು, ಚಳಿಗಾಲದಲ್ಲಿ ಎಷ್ಟು ತಾಸು, ಬೇಸಿಗೆಯಲ್ಲಿ ಎಷ್ಟು ಅಂತ. ಆದರೂ ಆ ಬೀರು ತೆರೆಯಲಿಲ್ಲವಲ್ಲ ಅನ್ನುವ ಕೊರಗು ನನಗಿನ್ನೂ ಇದೆ.

ಮನೆಯಿಂದ ಕಲಿಯುವ ಮಕ್ಕಳ ಹೆಸರಿನಲ್ಲಿ ಮೇಲಿನವರು ಮಾಡಿದ್ದೇನು ನೋಡಿ. ಕೊರೋನಾದಿಂದ ಮಕ್ಕಳಿಗೆ ಹೊರೆಯಾಗಿದೆ, ಪಠ್ಯ ಹಗುರ ಮಾಡುತ್ತೇವೆ ಎಂದು 2022ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ 'ಅನುವಂಶೀಯತೆ ಮತ್ತು ವಿಕಾಸ' ಅಧ್ಯಾಯದಿಂದ ವಿಕಾಸವನ್ನೇ ತೆಗೆದುಹಾಕಿತು. 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಪತ್ರ ಬರೆದು ಪ್ರತಿಭಟಿಸಿದರು. ಹನ್ನೆರಡನೆಯದರಲ್ಲಿ ಇದೆಯಲ್ಲ ಅನ್ನುವ ಉತ್ತರ. ಹತ್ತರ ನಂತರ ಜೀವಶಾಸ್ತ್ರ ಬಿಟ್ಟ ಮಗುವಿಗೆ? ಡಾರ್ವಿನ್ ಹೊರೆಯಾದ. ಅದೇ ಪುಸ್ತಕದಲ್ಲಿ ಅಪ್ಪ-ಅಮ್ಮಂದಿರ ಕಿವಿಹಾಲೆ ನೋಡಿ ನಿಯಮ ಊಹಿಸಿ ಎಂಬ ಚಟುವಟಿಕೆ ಮಾತ್ರ ಹೊರೆಯಾಗಲಿಲ್ಲ.

ಕೋಚಿಂಗಿನವರ ಸುದ್ದಿ ಬೇಡವೇ ಬೇಡ. ನೀಟ್‌ನ 720 ಅಂಕದಲ್ಲಿ 360 ಜೀವಶಾಸ್ತ್ರಕ್ಕೆ, ಹಾಗಾಗಿ ಅವರಿಗೆ ಬಟಾಣಿ ಎಂದರೆ ಸೆಕೆಂಡಿಗೆ ಇಷ್ಟು ಪ್ರಶ್ನೆ. ಅವರ ವ್ಯಾಪಾರ ಅವರದ್ದು. ನನ್ನ ತಕರಾರು ಒಳ್ಳೆಯ ಮನಸ್ಸಿನ, ಸಂಬಳ ಕಡಿಮೆಯಿರುವ, ರಾತ್ರಿ ಹನ್ನೊಂದಕ್ಕೆ ವರ್ಕ್‌ಶೀಟು ಹುಡುಕಿ ಗುಂಪಿಗೆ ದಾಟಿಸುವ ನಮ್ಮಂಥದೇ ಟೀಚರುಗಳ ಜೊತೆ. ಅವರಿಗೇ ಕೇಳುತ್ತೇನೆ. ದಾಟಿಸುವ ಮುಂಚೆ ಒಂದು ಸಲ ಆ ಮನೆಯ ಹಾಲನ್ನು ಕಣ್ಣಮುಂದೆ ತಂದುಕೊಳ್ಳಿ. ಯಾರು ಯಾರು ಕೂತಿದ್ದಾರೆ ನೋಡಿ.

ಆ ಹುಡುಗಿ ಈಗ ಕಾಲೇಜು. ಜೀವಶಾಸ್ತ್ರ ತೆಗೆದುಕೊಳ್ಳಲಿಲ್ಲ, ಕಾಮರ್ಸು. ಇರಲಿ ಬಿಡಿ. ಅಜ್ಜಿ ರೈಲು ಶುರುವಾದ ಮೇಲೆ ಊರಿಗೆ ಹೋದರು. ಈ ಸಲ ಪಾರಿಜಾತ ಬಿಟ್ಟಾಗ ಸೊಸೆಯ ಕೈಲಿ ಎಸಳೆಣಿಸಿದ ಚೀಟಿಯೊಂದರ ಫೋಟೋ ಕಳಿಸಿದ್ದರು, ಅಕ್ಷರ ಮೊಮ್ಮಗಳದ್ದೇ ಇರಬೇಕು.

ಮೊನ್ನೆ ವರ್ಕ್‌ಶೀಟು ಬಂದದ್ದು ಬೇರೆ ಶಾಲೆಯಿಂದ, ಬೇರೆ ಮನೆಗೆ. ಆ ಟೀಚರ ನಂಬರು ಕೇಳಿ ಪಡೆದು ಇಷ್ಟನ್ನೂ ಮರಾಠಿಯಲ್ಲಿ ಬರೆದು, ನಾಣ್ಯದ ಲೆಕ್ಕದ ಹಾಳೆ, ಪಾರಿಜಾತದ ಹಾಳೆ ಎರಡನ್ನೂ ಕಳಿಸಿದ್ದೇನೆ. ನಾಲ್ಕು ದಿನವಾಯಿತು. ಎರಡು ನೀಲಿ ಗೀಟು ಬಿದ್ದಿವೆ, ಉತ್ತರ ಬಂದಿಲ್ಲ. ನಾಳೆ ಫೋನೇ ಮಾಡುತ್ತೇನೆ.